ನಾಲ್ಕನೇ ಕೈಯ ಕಾರು

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮಾರಿ ಬಂದ ಹಣ ತಿಂಗಳ ಕಂತಿನ ಲೆಕ್ಕಕ್ಕೆ ಒಗ್ಗುವಂಥದ್ದಲ್ಲ. ಒಂದು ವರ್ಷ ಕೈತುಂಬ ಬರುತ್ತದೆ, ಮರುವರ್ಷ ಬಿಡಿಸಿದ ಕೂಲಿಗೂ ಸಾಲುವುದಿಲ್ಲ. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ಅಲ್ಲಿನ ಎಪಿಎಂಸಿ ಆವರಣದಲ್ಲಿ ವಾಹನಗಳಿಗೇ ಬೆಂಕಿ ಬಿದ್ದದ್ದನ್ನು ಓದುಗರು ಮರೆತಿರಲಾರರು. ಇಂಥ ಆದಾಯದವರು ಹೊಸ ಕಾರಿಗಾಗಿ ಐದು ವರ್ಷ, ಏಳು ವರ್ಷ ಬ್ಯಾಂಕಿಗೆ ಕಂತು ಕಟ್ಟುವ ಕರಾರಿಗೆ ಸಹಿ ಹಾಕಲು ಅಂಜಿದರೆ ಆಶ್ಚರ್ಯವಿಲ್ಲ. ಅದಕ್ಕಿಂತ ಪೀಕು ಕೈಹಿಡಿದ ವರ್ಷ ರೊಕ್ಕ ಎಣಿಸಿ ಹಳೆಯದೊಂದು ಕಾರು ತಂದುಬಿಡುವುದು ಮೇಲು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಕಡೆ ಮೂರನೇ ಕೈ, ನಾಲ್ಕನೇ ಕೈ ದಾಟಿ ಬಂದ ಕಾರುಗಳು ಇಂದಿಗೂ ಆಸ್ಪತ್ರೆಗೆ, ಮದುವೆಗೆ, ಸಂತೆಗೆ ಓಡಾಡುತ್ತಿರುವುದರ ಹಿಂದೆ ಈ ಲೆಕ್ಕಾಚಾರವಿದೆ.

ಲೆಕ್ಕಾಚಾರವೇನೋ ಸರಿ. ಆದರೆ ಕಾರಿಗೆ ಮುಪ್ಪು ಬರುವುದು ಓಡಿದ ಕಿಲೋಮೀಟರುಗಳಿಂದ ಮಾತ್ರವಲ್ಲ. ಎಂಜಿನ್ ಗಟ್ಟಿಯಾಗಿದ್ದರೂ ಬಿಡಿಭಾಗ ಸಿಗದಾದಾಗ, ಅದರ ಗುಣ ಬಲ್ಲ ಮಿಸ್ತ್ರಿ ಊರಲ್ಲಿ ಇಲ್ಲವಾದಾಗ, ಕಾನೂನು ಬದಲಾದಾಗ, ಬಂಕಿನ ಪೆಟ್ರೋಲೇ ಬೇರೆಯಾದಾಗ ಕಾರು ನಿಂತಲ್ಲೇ ಮುದಿಯಾಗುತ್ತದೆ.

ಒಂದು ಕಾಲಕ್ಕೆ ಈ ಚಿಂತೆ ಇರಲಿಲ್ಲ. ಲೈಸೆನ್ಸ್ ಯುಗದಲ್ಲಿ ನಮ್ಮ ರಸ್ತೆಗಳ ಮೇಲಿದ್ದದ್ದು ಮುಖ್ಯವಾಗಿ ಎರಡೇ ಕಾರು. ಒಂದು, ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಮೂಡಿದ ಅಂಬಾಸಿಡರ್. ಇನ್ನೊಂದು, ಇಟಲಿಯ ಫಿಯೆಟ್ 1100 ಎಂಬುದರಿಂದ ಬಂದ ಪ್ರೀಮಿಯರ್ ಪದ್ಮಿನಿ. ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಸರದಿ ಕಾಯಬೇಕಿತ್ತು. ಹೀಗಾಗಿ ಬಳಸಿದ ಕಾರು ಹೊಸದಕ್ಕಿಂತ ಹೆಚ್ಚಿನ ಬೆಲೆಗೆ ಬಿಕರಿಯಾದದ್ದೂ ಉಂಟು. ಇಂದಿನವರಿಗೆ ಇದು ಕಟ್ಟುಕತೆಯಂತೆ ತೋರೀತು. ದಶಕಗಳ ಕಾಲ ಅದೇ ಎಂಜಿನ್, ಅದೇ ಬೋಲ್ಟು ಬಂದದ್ದರಿಂದ ಹೆದ್ದಾರಿ ಬದಿಯ ಯಾವ ಗ್ಯಾರೇಜಿನವರಿಗೂ ಅವುಗಳ ಮರ್ಮ ಗೊತ್ತಿತ್ತು. ಗ್ರಾಹಕರಿಗೆ ಆಯ್ಕೆ ಇಲ್ಲದ್ದು ಮಿಸ್ತ್ರಿಗೆ ವಿದ್ಯೆಯಾಯಿತು ಎನ್ನಬಹುದು.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಮೂರು ಸಿಲಿಂಡರಿನ, 796 ಸಿಸಿಯ ಈ ಪುಟ್ಟ ಕಾರು ಮೂವತ್ತು ವರ್ಷ ನಡೆದು 2014ರ ಜನವರಿಯಲ್ಲಿ ನಿಂತಿತು. ಅದೇ ವರ್ಷ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆಯೂ ನಿಂತುಹೋಯಿತು. ಎರಡೂ ಈಗ ಹುಟ್ಟುವುದಿಲ್ಲವಾದರೂ ಎರಡರ ಗತಿ ಒಂದೇ ಅಲ್ಲ. ಮಾರುತಿಯ ಅದೇ ಎಂಜಿನ್ ಆಮ್ನಿಯಲ್ಲೂ ಇದ್ದುದರಿಂದ ಅದರ ಸಾಮಾನು, ಅದನ್ನು ಬಿಚ್ಚಿ ಜೋಡಿಸಬಲ್ಲ ಕೈ, ಎರಡೂ ಸಣ್ಣ ಊರಲ್ಲಿ ಇನ್ನೂ ಸಿಗುತ್ತವೆ. ಇನ್ನು ಕೆಲವು ಕಾರುಗಳು ನೋಡಲು ಅಂದ, ಒಳಗೆ ವಿಶಾಲ, ಬೆಲೆಯೋ ಆಶ್ಚರ್ಯವಾಗುವಷ್ಟು ಕಡಿಮೆ. ಈ ಅಗ್ಗಕ್ಕೆ ಕಾರಣವಿದೆ. ಷೆವರ್ಲೆ ಕಾರುಗಳ ಕಂಪನಿ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರಲ್ಲಿ ಇಲ್ಲಿನ ತಯಾರಿಕೆ ನಿಲ್ಲಿಸುವುದಾಗಿ ಸಾರಿತು. ಇಂಥ ಕಾರು ಕೆಟ್ಟರೆ ಸಾಮಾನಿಗಾಗಿ ಹುಬ್ಬಳ್ಳಿಯೋ ಬೆಂಗಳೂರೋ ಎಂದು ಫೋನು ತಿರುಗಿಸಬೇಕಾದೀತು. ಆದ್ದರಿಂದ ಕಾರು ನೋಡುವ ಮೊದಲು ಮಿಸ್ತ್ರಿಯನ್ನು ಕೇಳುವುದು ಒಳಿತು.

ಕಾರು ನೋಡುವಾಗ ಮೀಟರಿನ ಅಂಕಿಗೆ ಮರುಳಾಗಬೇಕಿಲ್ಲ, ಅದನ್ನು ಹಿಂದಕ್ಕೆ ತಿರುಗಿಸುವ ಕಸುಬು ಹಳೆಯದು. ಕ್ಲಚ್ ಪೆಡಲಿನ ರಬ್ಬರು ಸವೆದು ನುಣುಪಾಗಿದ್ದು ಮೀಟರು ಮಾತ್ರ ಮೂವತ್ತು ಸಾವಿರ ಎನ್ನುತ್ತಿದ್ದರೆ ನಂಬಬೇಕಾದದ್ದು ಪೆಡಲನ್ನು. ಆಯಿಲ್ ಮುಚ್ಚಳದ ಒಳಬದಿಯಲ್ಲಿ ಹಾಲಿನ ಕೆನೆಯಂಥ ಪದಾರ್ಥ ಕಂಡರೆ ಎಂಜಿನ್ನಿನೊಳಗೆ ನೀರು ಸೇರುತ್ತಿರಬಹುದು. ಹೊಗೆ ನೀಲಿಯಾಗಿದ್ದರೆ ಆಯಿಲ್ ಸುಡುತ್ತಿದೆಯೆಂದು ಅರ್ಥ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಗೀರು ಎಷ್ಟೇ ಆಳವಿರಲಿ, ರಬ್ಬರಿಗೂ ವಯಸ್ಸಾಗುತ್ತದೆ. ನಮ್ಮ ಎರೆ ಸೀಮೆಯಲ್ಲಿ ಇನ್ನೊಂದು ಮಾತು ಸೇರಿಸಬೇಕು: ಮಳೆಗಾಲದಲ್ಲಿ ಗಾಡಿಯ ಹೊಟ್ಟೆಗೆ ಮೆತ್ತಿದ ಕರಿಮಣ್ಣು ನೀರು ಹಿಡಿದಿಟ್ಟುಕೊಂಡು ತಗಡನ್ನು ತಿನ್ನುತ್ತದೆ. ಮೇಲೆ ಫಳಫಳ ಹೊಳೆಯುವ ಕಾರಿನ ಕೆಳಗೊಮ್ಮೆ ಬಗ್ಗಿ ನೋಡಬೇಕು. ಕೊಂಡ ಮೇಲೆ ಆಯಿಲ್, ಬ್ರೇಕ್ ದ್ರವ, ಟೈಮಿಂಗ್ ಬೆಲ್ಟ್ ಈ ಮೂರನ್ನು ಹಿಂದಿನವರ ಮಾತು ನಂಬದೆ ಬದಲಾಯಿಸಿಬಿಡುವುದು ಲೇಸು. ಬೆಲ್ಟ್ ಹರಿದರೆ ಗಾಡಿ ನಿಂತಲ್ಲೇ ನಿಂತಿತು. ಕೆಲವು ಎಂಜಿನ್ನುಗಳಲ್ಲಿ ವಾಲ್ವುಗಳೂ ಬಾಗುತ್ತವೆ.

ಎಂಜಿನ್ನಿನ ದೋಷ ಹೇಗೋ ರಿಪೇರಿಯಾದೀತು. ಕಾಗದದ ದೋಷ ಹಾಗಲ್ಲ. ಹಳ್ಳಿಗಳ ಕಡೆ ಹಣ, ಕೀಲಿಕೈ, ಆರ್‌ಸಿ ಕೈ ಬದಲಾಯಿಸಿದರೆ ವ್ಯವಹಾರ ಮುಗಿಯಿತೆಂಬ ಭಾವನೆ ಇದೆ. ಪರಸ್ಪರ ನಂಬಿಕೆ ದೊಡ್ಡ ಗುಣವೇ ಸರಿ. ಕಾನೂನು ಮಾತ್ರ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರಕರಣವನ್ನೇ ನೋಡಿ. ಒಬ್ಬರು 2007ರಲ್ಲಿ ಕಾರು ಮಾರಿದ್ದರು. ಅದು ಮುಂದೆ ಕೈಯಿಂದ ಕೈಗೆ ದಾಟುತ್ತ ಹೋಯಿತು, ಹೆಸರು ಮಾತ್ರ ಬದಲಾಗಲಿಲ್ಲ. 2009ರಲ್ಲಿ ಅಪಘಾತವಾಯಿತು. ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಕೋರ್ಟು ಹೇಳಿತು. ಎಂದರೆ, ಎರಡು ವರ್ಷದಿಂದ ಆ ಸ್ಟಿಯರಿಂಗ್ ಮುಟ್ಟದ ವ್ಯಕ್ತಿಯ ತಲೆಗೆ ಬಂತು. ಗಾಡಿಗೆ ವಿಮೆಯೂ ಇಲ್ಲದಿದ್ದರೆ ಇಂಥ ಪರಿಹಾರಕ್ಕೆ ಹೊಲ ಮಾರಬೇಕಾದೀತು.

ಮಾರಿದವರು ಅದೇ ರಾಜ್ಯದೊಳಗಾದರೆ 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕೆಂಬುದು ನಿಯಮ. 29 ಮತ್ತು 30ನೇ ನಮೂನೆಗಳು ಇದಕ್ಕೆಂದೇ ಇವೆ. ಹಿಂದಿನ ಸಾಲ ಆರ್‌ಸಿಯಲ್ಲಿ ನಮೂದಾಗಿದ್ದರೆ ಅದನ್ನು ತೆಗೆಸುವ 35ನೇ ನಮೂನೆಯನ್ನೂ ಕೇಳಿ ಪಡೆಯಬೇಕು. ಗೋವಾ, ಮಹಾರಾಷ್ಟ್ರದ ಕಾರು ಅಗ್ಗವೆಂದು ತರುವವರು ಇಲ್ಲಿನ ರಸ್ತೆ ತೆರಿಗೆಯನ್ನು ಮೊದಲೇ ಕೂಡಿಸಿಕೊಂಡರೆ ಕ್ಷೇಮ.

ಇನ್ನು ಆಯುಸ್ಸಿನ ಪ್ರಶ್ನೆ. ಖಾಸಗಿ ಕಾರಿನ ನೋಂದಣಿ 15 ವರ್ಷ ನಡೆಯುತ್ತದೆ. ಆಮೇಲೆ ಗಾಡಿ ತಪಾಸಣೆಗೊಳಗಾಗಿ ಐದೈದು ವರ್ಷಕ್ಕೆ ನವೀಕರಣ. ಇದರ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್ 1ರಿಂದ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000 ಎಂದು ನಿಗದಿಯಾಯಿತು. ತಡ ಮಾಡಿದರೆ ತಿಂಗಳಿಗೆ 500 ರೂಪಾಯಿ ಬೇರೆ. ನಲವತ್ತು ಸಾವಿರಕ್ಕೆ ಕಾರು ಕೊಂಡವರಿಗೆ ಇದು ಸಣ್ಣ ಮೊತ್ತವಲ್ಲ. ಹಳೆಯ ಗಾಡಿಗಳು ರಸ್ತೆಯಿಂದ ಸರಿಯಲಿ ಎಂಬುದೇ ಸರಕಾರದ ಇಂಗಿತ. ಹೊಗೆಯ ದೃಷ್ಟಿಯಿಂದ ಅದರಲ್ಲಿ ಹುರುಳಿದೆ; ಆದರೆ ಹೊಸದು ಕೊಳ್ಳಲಾರದವರ ದೃಷ್ಟಿಯಿಂದ ಇದು ದಂಡವೇ.

ಪೆಟ್ರೋಲಿನ ಕತೆಯೂ ಇಂಥದ್ದೇ. ಹಿಂದೆ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಆ ಸೀಸವೇ ಹಳೆಯ ಎಂಜಿನ್ನುಗಳ ವಾಲ್ವು ಕೂರುವ ಜಾಗಕ್ಕೆ ತೆಳುವಾದ ಮೆತ್ತೆಯಂತೆ ಕೆಲಸ ಮಾಡುತ್ತಿತ್ತು. ಮಕ್ಕಳ ಮಿದುಳಿಗೆ ಅದು ವಿಷ. ಹಾಗಾಗಿ 2000ದ ಫೆಬ್ರುವರಿಯಿಂದ ದೇಶದಾದ್ಯಂತ ಸೀಸದ ಪೆಟ್ರೋಲು ನಿಂತಿತು. ಮಿದು ಲೋಹದ ಸೀಟು ಇದ್ದ ಹಳೆಯ ಎಂಜಿನ್ನುಗಳಿಗೆ ಗಟ್ಟಿ ಲೋಹದ ಸೀಟು ಕೂರಿಸಬೇಕಾದ ಕೆಲಸ ಬಂತು.

ಈಗ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು ಬಂದಿದೆ. ಎಥೆನಾಲ್ ಬರುವುದು ಕಬ್ಬಿನಿಂದ, ಗೋವಿನಜೋಳದಿಂದ. ಹಾವೇರಿ ಜಿಲ್ಲೆಯ ಹೊಲಗಳ ತುಂಬ ಗೋವಿನಜೋಳವೇ ಇರುವಾಗ, ಇಲ್ಲಿಯ ರೈತರು ಬೆಳೆದದ್ದು ಸುತ್ತಿ ಬಳಸಿ ಅವರದೇ ಹಳೆಯ ಕಾರಿನ ಟ್ಯಾಂಕಿಗೆ ಬಂದು ಬೀಳಬಹುದು. ಮಾರುಕಟ್ಟೆಗೆ ಇದು ಒಳ್ಳೆಯದೇ. ಆದರೆ ಈ ಮಿಶ್ರಣಕ್ಕೆಂದು ತಯಾರಾಗದ ಕಾರಿನಲ್ಲಿ ಮೈಲೇಜು ಶೇ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ವಾರಗಟ್ಟಲೆ ನಿಲ್ಲುವ ಕಾರಾದರೆ ತೊಂದರೆ ಹೆಚ್ಚು. ಕಾರ್ಬ್ಯುರೇಟರ್ ಇರುವ ಹಳೆಯ 800 ಆಗಲಿ, ಪದ್ಮಿನಿಯಾಗಲಿ, ಟ್ಯಾಂಕಿನಿಂದ ಎಂಜಿನ್ನಿನವರೆಗಿನ ರಬ್ಬರ್ ಪೈಪುಗಳನ್ನು ಎಥೆನಾಲ್ ತಾಳುವಂಥವಕ್ಕೆ ಬದಲಾಯಿಸಿಕೊಳ್ಳಬೇಕು. ಖರ್ಚು ದೊಡ್ಡದಲ್ಲ. ಬೆಳಿಗ್ಗೆ ಕಾರಿನ ಬಳಿ ಪೆಟ್ರೋಲ್ ವಾಸನೆ ಬಂದರೆ ಮಾತ್ರ ಕೀಲಿ ತಿರುಗಿಸದೆ, ಮಿಸ್ತ್ರಿಯನ್ನು ಮನೆಗೇ ಕರೆಸುವುದು ಒಳಿತು.