ಆಮ್ಲಜನಕಕ್ಕಿಂತ ಹಳೆಯ ಕಲ್ಲು

ಶಿಕಾರಿಪುರ, ಸೊರಬದ ನೆಲ ಧಾರವಾಡ ಶಿಲಾಸಮೂಹಕ್ಕೆ ಸೇರಿದ್ದು. ಮೇಲೆ ಜಂಬಿಟ್ಟಿಗೆ, ಅದರಡಿ 250 ಕೋಟಿ ವರ್ಷಕ್ಕೂ ಹಿಂದಿನ ಪದರುಗಲ್ಲು. ಬಳ್ಳಿಗಾವಿಯ ಕೇದಾರೇಶ್ವರ ಗುಡಿಯ ಬಳಪದ ಕಲ್ಲೂ ಇದೇ ಬಳಗದ್ದು. ಇಂಥ ಹಳೆಯ ಕಲ್ಲಿನಲ್ಲಿ ಯುರೇನಿಯಂ ಸಿಗುವುದುಂಟು, ಇಲ್ಲಿ ಅದರ ಗಣಿಯಿಲ್ಲ. ಆದರೆ ಈ ಶಿಲಾಪಟ್ಟಿ ಗೋವಾದ ಕಡೆ ಸಾಗುವ ಹಾದಿಯಲ್ಲಿ, ಯಲ್ಲಾಪುರ–ಅಂಕೋಲ ನಡುವಿನ ಅರಬೈಲು ಘಟ್ಟದಲ್ಲಿ ಯುರೇನಿಯಂ ಇರುವುದು ಪತ್ತೆಯಾಗಿದೆ. ಇನ್ನೂ ದಕ್ಷಿಣಕ್ಕೆ, ಘಟ್ಟದಂಚಿನ ವಾಲ್ಕುಂಜೆಯಲ್ಲೂ ಅದು ಸಿಕ್ಕಿದೆ.

ವಾಲ್ಕುಂಜೆಯ ಬಂಡೆ ಮೂಲತಃ ಹೊಳೆಯ ಜಲ್ಲಿ. ಬೆಣಚುಕಲ್ಲಿನ ಉರುಟು ಹರಳುಗಳು ಬೆಸೆದು ಗಟ್ಟಿಯಾದದ್ದು. ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರಾಂಡ್, ಕೆನಡಾದ ಎಲಿಯಟ್ ಲೇಕ್‌ನ ಯುರೇನಿಯಂ ಅದಿರೂ ಇಂಥದೇ ಬಂಡೆಯಲ್ಲಿದೆ. ಈ ಜಾತಿಯ ಕಲ್ಲು ನನ್ನಲ್ಲಿ ಹುಟ್ಟಿಸುವ ಬೆರಗು ದೊಡ್ಡದು. ಇವತ್ತಿನ ಹೊಳೆಯಲ್ಲಿ ಯುರೇನಿನೈಟ್ ಎಂಬ ಯುರೇನಿಯಂ ಖನಿಜದ ಕಾಳು ಹೆಚ್ಚು ಕಾಲ ಉಳಿಯದು, ಆಮ್ಲಜನಕ ತಾಗಿ ಕರಗುತ್ತದೆ. ಅಂದು ಅದು ಮರಳಿನಂತೆ ಉರುಳಿ ತಂಗಿತ್ತು ಎಂದರೆ ಆಗಿನ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆಯಿತ್ತೆಂದೇ ಅರ್ಥ. ಸುಮಾರು 240 ಕೋಟಿ ವರ್ಷಗಳ ಹಿಂದೆ ಗಾಳಿಯಲ್ಲಿ ಆಮ್ಲಜನಕ ಹೆಚ್ಚತೊಡಗಿತು. ಆಮೇಲೆ ಯುರೇನಿಯಂ ನೀರಿನಲ್ಲಿ ಕರಗಿ ಸಂಚರಿಸಿತು. ಆಮ್ಲಜನಕವಿಲ್ಲದ ಬಿರುಕು ಸಿಕ್ಕಲ್ಲಿ ಮತ್ತೆ ಗಟ್ಟಿಯಾಯಿತು. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಸ್ತರಭಂಗದ ಉದ್ದಕ್ಕೂ ನುಗ್ಗಾದ ಸುಣ್ಣಕಲ್ಲು, ಗ್ರಾನೈಟ್‌ಗಳಲ್ಲಿ ಪಿಚ್‌ಬ್ಲೆಂಡ್, ಕಾಫಿನೈಟ್ ಎಂಬ ಯುರೇನಿಯಂ ಖನಿಜಗಳು ಹೀಗೆಯೇ ಸೇರಿಕೊಂಡಿವೆ.

ಇಂಥ ಕಲ್ಲನ್ನು ಕೂಡಿಡುವವರೂ ಇದ್ದಾರೆ. ಹೊರದೇಶಗಳ ಖನಿಜ ಸಂಗ್ರಾಹಕರಿಗೆ ಆಟುನೈಟ್ ಎಂದರೆ ಪ್ರಾಣ. ಹಳದಿ–ಹಸಿರು ಹಾಳೆಗಳ ಈ ಯುರೇನಿಯಂ ಖನಿಜ ನೇರಳಾತೀತ ಬೆಳಕಿನಲ್ಲಿ ಹೊಳೆಯುತ್ತದೆ. ಆದರೆ ಯುರೇನಿಯಂ ಕಲ್ಲಿನಿಂದ ರೇಡಾನ್ ಅನಿಲ ಸದಾ ಹೊಮ್ಮುತ್ತದೆ. ಕಲ್ಲಿನ ಪುಡಿ ಉಸಿರಿಗೆ ಸೇರಿದರೂ ಅಪಾಯ. ಗಾಳಿಯಾಡದ ಮಲಗುವ ಕೋಣೆಯಲ್ಲಿ ಇಂಥ ಕಲ್ಲನ್ನು ಇಡಲೇಬಾರದು. ನಮ್ಮಲ್ಲಂತೂ ಕಾನೂನಿನ ಪ್ರಕಾರ ಯುರೇನಿಯಂ ಸರ್ಕಾರದ ಹತೋಟಿಯಲ್ಲಿದೆ, ಖಾಸಗಿ ಹವ್ಯಾಸಕ್ಕೆ ಒದಗುವ ವಸ್ತುವಲ್ಲ. ಅದನ್ನು ಹುಡುಕುವ ಕೆಲಸ ಪರಮಾಣು ಖನಿಜ ನಿರ್ದೇಶನಾಲಯದ್ದು. 1949ರಲ್ಲಿ ಸಣ್ಣ ಸಮೀಕ್ಷಾ ಘಟಕವಾಗಿ ಶುರುವಾದ ಈ ಸಂಸ್ಥೆಯ ಕೇಂದ್ರ ಕಚೇರಿ ಹೈದರಾಬಾದಿನಲ್ಲಿದೆ, ಬೆಂಗಳೂರಿನಲ್ಲೂ ಕಚೇರಿಯಿದೆ.

ಹಾಗೆಂದು ಶಿಕಾರಿಪುರ, ಸೊರಬದ ಶಾಲೆಗಳಲ್ಲಿ ಕಲ್ಲಿನ ಪೆಟ್ಟಿಗೆ ಇಡಬಾರದೆಂದಿಲ್ಲ, ಇಡಲೇಬೇಕು. ಬೆಣಚು, ಬಳಪದ ಕಲ್ಲು, ಜಂಬಿಟ್ಟಿಗೆಯಿಂದ ಶುರುಮಾಡಬಹುದು. ಜಂಬಿಟ್ಟಿಗೆ ಮುಚ್ಚಿದ ಸೀಮೆಯಾದ್ದರಿಂದ ಬಾವಿ ತೋಡಿದಾಗ ಹೊರಬೀಳುವ ಕಲ್ಲಿಗೆ ಬೆಲೆ ಹೆಚ್ಚು. ಊರು, ಬಾವಿಯ ಆಳ, ಬಂಡೆಯಿಂದ ಒಡೆದದ್ದೋ ಹಳ್ಳದಲ್ಲಿ ಸಿಕ್ಕದ್ದೋ ಎಂಬುದನ್ನು ಚೀಟಿಯಲ್ಲಿ ಅವತ್ತೇ ಬರೆದಿಡಬೇಕು. ಹಳ್ಳದ ಕಲ್ಲು ಎಲ್ಲಿಂದಲೋ ಉರುಳಿ ಬಂದಿರುತ್ತದೆ. ಬಾವಿಯ ಕಲ್ಲು ಅದೇ ನೆಲದ್ದು.