ಹೆರಿಗೆಮನೆಯಲ್ಲಿ ಮೂರು ವರ್ಷ

ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ಗದ್ದಲಕ್ಕೆ ಕೂಗಳತೆಯಲ್ಲಿ, ವಿಕ್ಟೋರಿಯಾ ಆಸ್ಪತ್ರೆಗೆ ಹೊಂದಿಕೊಂಡಂತೆ ನಿಂತಿರುವ ವಾಣಿವಿಲಾಸ ಆಸ್ಪತ್ರೆಯು 1935ರಿಂದ ಮೊದಲ್ಗೊಂಡು ಈ ಭಾಗದ ಬಡ ಬಸುರಿಯರಿಗೆ ಆಶ್ರಯವಾಗಿ ಬಂದಿದೆಯೆಂಬುದನ್ನು ಎಲ್ಲರೂ ಬಲ್ಲರು. ಆದರೆ ಮೈಸೂರಿನ ಚೆಲುವಾಂಬ ಆಸ್ಪತ್ರೆಯಂತೆ, ಹುಬ್ಬಳ್ಳಿಯ ಕಿಮ್ಸ್‌ನಂತೆ, ಅದೊಂದು ಪಾಠಶಾಲೆಯೂ ಹೌದೆಂಬುದು, ಅಲ್ಲಿ ಹಗಲಿರುಳೆನ್ನದೆ ಓಡಾಡುವ ತರುಣ ವೈದ್ಯರಲ್ಲಿ ಬಹುಮಂದಿ ಇನ್ನೂ ವಿದ್ಯಾರ್ಥಿಗಳೆಂಬುದು, ಮಗಳನ್ನು ಹೆರಿಗೆಗೆ ಸೇರಿಸಿ ಹೊರಗೆ ಬುತ್ತಿ ಬಿಚ್ಚಿ ಕುಳಿತ ತಾಯಂದಿರಿಗೆ ಅಷ್ಟಾಗಿ ತಿಳಿಯದು. "ದೊಡ್ಡ ಡಾಕ್ಟರು ಯಾವಾಗ ಬರ್ತಾರಮ್ಮ?" ಎಂದು ಅವರು ವಿಚಾರಿಸುವುದು ಈ ತರುಣಿಯರನ್ನೇ. ತರುಣಿಯರೆಂದು ಬೇಕೆಂದೇ ಬರೆದಿದ್ದೇನೆ. ಈ ವಿಭಾಗಕ್ಕೆ ಇಂದು ಬರುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು.

ಎಂ.ಬಿ.ಬಿ.ಎಸ್. ವ್ಯಾಸಂಗದ ನಾಲ್ಕೂವರೆ ವರ್ಷ, ಇಂಟರ್ನ್‌ಷಿಪ್ಪಿನ ಒಂದು ವರ್ಷ, ತರುವಾಯ ನೀಟ್ ಪಿಜಿ ಎಂಬ ಅಖಿಲ ಭಾರತ ಪರೀಕ್ಷೆ, ಇವಿಷ್ಟನ್ನೂ ದಾಟಿದವರು ಪ್ರಸೂತಿ ಮತ್ತು ಸ್ತ್ರೀರೋಗ ಶಾಸ್ತ್ರದ ಎಂ.ಎಸ್. ಪದವಿಗಾಗಿ ಮೂರು ವರ್ಷ ಆಸ್ಪತ್ರೆಯಲ್ಲಿಯೇ ದುಡಿಯುತ್ತ ಕಲಿಯಬೇಕು. ವರ್ಷದಿಂದ ವರ್ಷಕ್ಕೆ ಹೊಣೆಯನ್ನು ಹೆಚ್ಚಿಸುತ್ತ ವೈದ್ಯನನ್ನು ಪಳಗಿಸುವ ಈ ಪದ್ಧತಿಗೆ ವ್ಯವಸ್ಥಿತ ರೂಪ ಕೊಟ್ಟವರು, 1889ರಲ್ಲಿ ಬಾಗಿಲು ತೆರೆದ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್. ಪ್ರಬಂಧ, ಸೆಮಿನಾರು, ಲಾಗ್ ಬುಕ್ಕು ಇವೆಲ್ಲ ವಿಶ್ವವಿದ್ಯಾಲಯದ ಅಗತ್ಯಗಳು; ಅವು ನಡೆಯುತ್ತವೆ, ನಡೆಯಲೂ ಬೇಕು. ನಿಜವಾದ ವಿದ್ಯೆ ಮಾತ್ರ ಲೇಬರ್ ರೂಮಿನಲ್ಲಿ, ಪ್ರಾಯಶಃ ರಾತ್ರಿಯ ಹೊತ್ತಿನಲ್ಲಿ, ಕೈಯಿಂದ ಕೈಗೆ ದಾಟುತ್ತದೆ.

ಮೊದಲನೆಯ ವರ್ಷದ ಪಿಜಿ, ಎಂದರೆ ಸ್ನಾತಕೋತ್ತರ ವಿದ್ಯಾರ್ಥಿನಿ, ಯೂನಿಟ್ಟಿನ ಶ್ರೇಣಿಯಲ್ಲಿ ಎಲ್ಲರಿಗಿಂತ ಕೆಳಗಿನವಳು. ರಕ್ತದ ಮಾದರಿ ತೆಗೆಯುವುದು, ಕೇಸ್ ಶೀಟ್ ತುಂಬುವುದು, ರಕ್ತನಿಧಿಗೆ ಓಡುವುದು, ತಾಯಿ ಕಾರ್ಡಿನಲ್ಲಿ ಏನು ಬರೆದಿದೆ, ಏನು ಬರೆದಿಲ್ಲ ಎಂಬುದನ್ನು ಹುಡುಕುವುದು ಅವಳ ಪಾಲಿನ ಕೆಲಸ. ಸೀಟುಗಳಲ್ಲೊಂದು ಭಾಗ ಅಖಿಲ ಭಾರತ ಕೋಟಾಕ್ಕೆ ಸೇರಿರುವ ಕಾರಣ ಕೇರಳದಿಂದಲೋ ಬಿಹಾರದಿಂದಲೋ ಬಂದವರೂ ಇರುತ್ತಾರೆ, ಅವರು ಕಲಿಯುವ ಕನ್ನಡದ ಮೊದಲ ಪಾಠ ಯಾವ ಬಾಲಬೋಧೆಯಲ್ಲಿಯೂ ಇಲ್ಲದ್ದು: "ನೀರು ಹೋಯ್ತಾ?", "ಮಗು ಆಡ್ತಾ ಇದೆಯಾ?", "ಮುಕ್ಕಮ್ಮ, ಇನ್ನೊಂದ್ಸಲ ಮುಕ್ಕು!" ಈ ಕನ್ನಡವನ್ನು ಕಲಿಸುವವರು ಪ್ರಾಧ್ಯಾಪಕರಲ್ಲ, ವಾರ್ಡಿನ ಆಯಾಗಳು, ಹಿರಿಯ ಸಿಸ್ಟರುಗಳು. ಪುಸ್ತಕ ಓದಿ ಬಂದವಳಿಗಿಂತ ಮೊದಲೇ ಸಿಸ್ಟರಿಗೆ ನರಳಾಟದ ಸ್ವರ ಬದಲಾದದ್ದು ತಿಳಿದಿರುತ್ತದೆ. ಬುದ್ಧಿವಂತೆಯಾದ ಪಿಜಿ ಆ ಮಾತಿಗೆ ಕಿವಿಗೊಡುತ್ತಾಳೆ.

ಕೈಯ ವಿದ್ಯೆಯೆಂದೆನಷ್ಟೆ. ದಿನ ತುಂಬಿದ ಹೊಟ್ಟೆಯ ಮೇಲೆ ಎರಡೂ ಅಂಗೈಗಳನ್ನು ಕ್ರಮವಾಗಿ ನಾಲ್ಕು ಬಗೆಯಲ್ಲಿ ಇರಿಸಿ, ಮೇಲಿರುವುದು ಕುಂಡೆಯೋ ತಲೆಯೋ, ಬೆನ್ನು ಯಾವ ಪಕ್ಕಕ್ಕಿದೆ, ತಲೆ ಕಟಿಯೊಳಗೆ ಎಷ್ಟು ಇಳಿದಿದೆ ಎಂದು ನಿರ್ಣಯಿಸುವ ಪರೀಕ್ಷೆಗೆ ಹತ್ತೊಂಬತ್ತನೆಯ ಶತಮಾನದ ಜರ್ಮನ್ ವೈದ್ಯ ಲಿಯೋಪೋಲ್ಡರ ಹೆಸರಿದೆ. ಆದರೆ ಅಂಥ ಸ್ಪರ್ಶಜ್ಞಾನವನ್ನು ಅಕ್ಷರದ ನೆರವಿಲ್ಲದೆಯೇ ಪಡೆದಿದ್ದ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದದ್ದನ್ನು ಓದುಗರು ಮರೆತಿರಲಾರರು. ಆ ಬಳಿಕ ಒಳಪರೀಕ್ಷೆ. ಗರ್ಭಕೋಶದ ಬಾಯಿ ಎಷ್ಟು ತೆರೆದಿದೆಯೆಂಬುದನ್ನು ಕಣ್ಣಿನಿಂದಲ್ಲ, ಎರಡು ಬೆರಳುಗಳ ತುದಿಯಿಂದ ಸೆಂಟಿಮೀಟರುಗಳಲ್ಲಿ ಹೇಳಬೇಕು. ಪೂರ್ಣವಾಗಿ ತೆರೆದರೆ ಹತ್ತು. ಹೊಸಬಳು ಆರು ಎಂದದ್ದನ್ನು ಸೀನಿಯರು ನಾಲ್ಕು ಎನ್ನುತ್ತಾಳೆ. ಈ ಎರಡು ಸೆಂಟಿಮೀಟರಿನ ಅಂತರ ಅಳಿಸುವುದಕ್ಕೆ ತಿಂಗಳುಗಳು ಬೇಕು.

ಹೀಗೆ ಬೆರಳು ಕಂಡದ್ದನ್ನು ಕಾಲದೊಡನೆ ಹೊಂದಿಸಿ ರೇಖೆಯಾಗಿ ಬರೆಯುವ ಹಾಳೆಗೆ ಪಾರ್ಟೋಗ್ರಾಫ್ ಎಂದು ಹೆಸರು. 1950ರ ದಶಕದಲ್ಲಿ ನ್ಯೂಯಾರ್ಕಿನ ಫ್ರೀಡ್‌ಮನ್ ಹೆರಿಗೆಯ ಮುನ್ನಡೆಯನ್ನು ವಕ್ರರೇಖೆಯಲ್ಲಿ ತೋರಿಸಿದರು. ವೈದ್ಯರು ವಿರಳವಾಗಿ, ದೂರದ ಹೆರಿಗೆಮನೆಗಳಲ್ಲಿ ದಾದಿಯರೇ ಎಲ್ಲವನ್ನೂ ನಿಭಾಯಿಸುತ್ತಿದ್ದ ಆಗಿನ ರೊಡೇಷಿಯಾದಲ್ಲಿ, ಫಿಲ್ಪಾಟ್ ಮತ್ತು ಕ್ಯಾಸಲ್ 1972ರಲ್ಲಿ ಅದಕ್ಕೆ ಎಚ್ಚರಿಕೆಯ ಗೆರೆ, ಕ್ರಮಕೈಗೊಳ್ಳುವ ಗೆರೆ ಎಂದು ಎರಡನ್ನು ಸೇರಿಸಿದರು. ಗಂಟೆಗೊಂದು ಸೆಂಟಿಮೀಟರು ತೆರೆಯದಿದ್ದರೆ ಎಚ್ಚರವಾಗಬೇಕೆಂದು ಒಂದು ತಲೆಮಾರಿನ ವೈದ್ಯರು ಇದರಿಂದಲೇ ಕಲಿತರು. ಆದರೆ ಆರೋಗ್ಯವಂತ ಹೆಂಗಸರಲ್ಲಿಯೂ ಹೆರಿಗೆ ಎಷ್ಟೋ ವೇಳೆ ಇದಕ್ಕಿಂತ ನಿಧಾನವಾಗಿ ಸಾಗಿ ಸುಖವಾಗಿಯೇ ಮುಗಿಯುವುದೆಂದು ಕಂಡುಬಂದ ಮೇಲೆ, ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಹೊಸ ಹಾಳೆಯಲ್ಲಿ ಆ ಗೆರೆಗಳನ್ನು ಕೈಬಿಟ್ಟು, ಹೆರಿಗೆಯ ಚುರುಕಾದ ಘಟ್ಟವನ್ನು ಐದು ಸೆಂಟಿಮೀಟರಿನಿಂದ ಎಣಿಸತೊಡಗಿತು. ಗುರುಗಳು ಕಲಿತದ್ದನ್ನು ಗುರುಗಳೇ ಬಿಡಬೇಕಾಗಿ ಬಂದ ಈ ಪ್ರಸಂಗವು, ನನ್ನ ದೃಷ್ಟಿಯಲ್ಲಿ, ಈ ಶಿಕ್ಷಣದ ತಿರುಳನ್ನೇ ತೋರಿಸುತ್ತದೆ: ಕೈಹಾಕುವುದನ್ನು ಒಂದು ವರ್ಷದಲ್ಲಿ ಕಲಿಸಬಹುದು, ಕೈಕಟ್ಟಿ ನಿಲ್ಲುವುದನ್ನು ಕಲಿಸುವುದಕ್ಕೆ ಉಳಿದ ಎರಡೂ ವರ್ಷ ಸಾಲದೆ ಹೋಗಬಹುದು.

ಕಾಯದೆ ಧಾವಿಸಬೇಕಾದ ಸಂದರ್ಭಗಳೂ ಉಂಟು. ರಕ್ತದೊತ್ತಡ ವಿಪರೀತವಾಗಿ ಬಸುರಿಗೆ ಸೆಳವು ಬಂದಾಗ ಕೊಡುವ ಔಷಧ ಮೆಗ್ನೀಸಿಯಂ ಸಲ್ಫೇಟ್. ಪ್ರಿಚರ್ಡ್ ಕ್ರಮದಂತೆ ನಾಲ್ಕು ಗ್ರಾಂ ರಕ್ತನಾಳಕ್ಕೆ, ಎರಡೂ ಪೃಷ್ಠಗಳಿಗೆ ಐದೈದು ಗ್ರಾಂ, ಅಲ್ಲಿಂದ ಮುಂದೆ ನಾಲ್ಕು ಗಂಟೆಗೊಮ್ಮೆ ಐದು ಗ್ರಾಂ. ಈ ಮದ್ದು ಮೂತ್ರದ ಮೂಲಕ ಹೊರಹೋಗತಕ್ಕದ್ದು. ದೇಹದಲ್ಲಿ ಮಿತಿಮೀರಿದರೆ ಮೊದಲು ಮಂಡಿಯ ಪ್ರತಿಕ್ರಿಯೆ ಅಡಗುತ್ತದೆ, ಇನ್ನೂ ಏರಿದರೆ ಉಸಿರು. ಆದಕಾರಣ ಪ್ರತಿ ಸೂಜಿಗೂ ಮುನ್ನ ಪಿಜಿ ಪುಟ್ಟ ಸುತ್ತಿಗೆಯಿಂದ ಮಂಡಿಯ ಕೆಳಗೆ ತಟ್ಟಿ ಕಾಲು ಚಿಮ್ಮುವುದೋ ನೋಡುತ್ತಾಳೆ, ಉಸಿರೆಣಿಸುತ್ತಾಳೆ, ಚೀಲದಲ್ಲಿ ಗಂಟೆಗೆ ಮೂವತ್ತು ಮಿಲಿಲೀಟರಿನಷ್ಟಾದರೂ ಮೂತ್ರ ಕೂಡಿದೆಯೋ ಪರೀಕ್ಷಿಸುತ್ತಾಳೆ. ಮದ್ದು ಮಿತಿಮೀರಿದರೆ ಪ್ರತಿಮದ್ದಾಗಿ ಕೊಡಲು ಕೈಗೆಟಕುವಂತೆ ಕ್ಯಾಲ್ಸಿಯಂ ಗ್ಲುಕೊನೇಟ್ ಇಟ್ಟುಕೊಂಡಿರುತ್ತಾಳೆ. ಹೆರಿಗೆಯ ನಂತರದ ರಕ್ತಸ್ರಾವವಂತೂ ಇದಕ್ಕಿಂತ ಅವಸರದ್ದು. ಮಗು ಹೊರಬಂದೊಡನೆ ಹತ್ತು ಯೂನಿಟ್ ಆಕ್ಸಿಟೋಸಿನ್ ಕೊಟ್ಟು, ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ಹೊಟ್ಟೆಯ ಮೇಲೆ ಕೈಯಿಟ್ಟು ನೋಡುವುದು ನಿತ್ಯದ ನಿಯಮ. ಅದಕ್ಕೂ ರಕ್ತಸ್ರಾವ ಜಗ್ಗದಿದ್ದರೆ ಬಾಂಗ್ಲಾದೇಶದ ಡಾ. ಸಯೇಬಾ ಅಖ್ತರ್ ಕಂಡುಕೊಂಡ ಅಗ್ಗದ ಉಪಾಯವೊಂದಿದೆ: ಕ್ಯಾತಿಟರಿಗೆ ಕಾಂಡೋಮ್ ಕಟ್ಟಿ ಗರ್ಭಕೋಶದೊಳಗಿಟ್ಟು ಸಲೈನ್ ತುಂಬಿ ಒಳಗಿನಿಂದ ಒತ್ತುವುದು. ಬಡದೇಶದ ಹೆರಿಗೆಮನೆಯಲ್ಲಿ ಹುಟ್ಟಿದ ಈ ಬುದ್ಧಿಯನ್ನು ಯಾವ ದುಬಾರಿ ಯಂತ್ರಕ್ಕೂ ಕಡಿಮೆಯೆಂದು ನಾನು ಭಾವಿಸಲಾರೆ.

ಸ್ತ್ರೀರೋಗದ ಅರ್ಧಭಾಗಕ್ಕೆ, ಅಂದರೆ ಮುಟ್ಟಿನ ತೊಂದರೆ, ಬಂಜೆತನ, ಗೆಡ್ಡೆ, ಜಾರಿದ ಗರ್ಭಕೋಶ ಇವಕ್ಕೆ, ಹಗಲಿನ ಓಪಿಡಿಯೇ ಶಾಲೆ. ಅಲ್ಲಿ ಕಠಿಣವಾದದ್ದು ಚಿಕಿತ್ಸೆಗಿಂತ ಮಿಗಿಲಾಗಿ ಮಾತು. ಅತ್ತೆ ಪಕ್ಕದಲ್ಲಿರುವಷ್ಟು ಹೊತ್ತೂ "ಸೊಂಟನೋವು" ಎಂದಷ್ಟೇ ಹೇಳಿದವಳು, ಪರದೆಯ ಒಳಗೆ ಬಂದ ಮೇಲೆ ಬೇರೆಯದನ್ನೇ ಹೇಳುತ್ತಾಳೆ.

ನನಗೆ ಕಳವಳವಾಗುವ ಸಂಗತಿಗಳು ಎರಡು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಹೆಚ್ಚುಕಡಿಮೆ ಮೂರು ಹೆರಿಗೆಗಳಲ್ಲಿ ಒಂದು ಸಿಸೇರಿಯನ್. ಹೀಗಿರಲಾಗಿ ಫೋರ್ಸೆಪ್ಸ್ ಹಿಡಿಯುವುದು, ಕುಂಡೆ ಮುಂದಾಗಿ ಬರುವ ಮಗುವನ್ನು ಉಪಾಯವಾಗಿ ಹೊರತರುವುದು ಮುಂತಾದ ಹಳೆಯ ಕುಶಲತೆಗಳನ್ನು ನೋಡುವ ಅವಕಾಶವೇ ಕಲಿಯುವವರಿಗೆ ಕಿರಿದಾಗುತ್ತಿದೆ. ಇನ್ನೊಂದು, ನಿದ್ರೆ. 1992ರ ಕೇಂದ್ರ ರೆಸಿಡೆನ್ಸಿ ಯೋಜನೆ ವಾರಕ್ಕೆ 48 ಗಂಟೆ, ಒಂದೇ ಸಮನೆ 12 ಗಂಟೆ ಮೀರದಂತೆ ಕೆಲಸವೆಂದಿತ್ತು. 2023ರ ಸ್ನಾತಕೋತ್ತರ ನಿಯಮಾವಳಿಯಲ್ಲಿ ಸಂಖ್ಯೆ ಹೋಗಿ "ಸಮಂಜಸವಾದ" ಅವಧಿ ಎಂಬ ಮಾತು ಬಂದಿದೆ. ನಿನ್ನೆ ಬೆಳಗ್ಗೆ ಡ್ಯೂಟಿಗೆ ಬಂದು ಇಂದು ಮಧ್ಯಾಹ್ನದ ರೌಂಡ್ಸಿನಲ್ಲಿಯೂ ನಿಂತಿರುವವಳನ್ನು ಕೇಳಿದರೆ ಆ ಸಾಮಂಜಸ್ಯದ ಅರ್ಥ ಗೊತ್ತಾದೀತು. ರೋಗಿಯ ಬಳಿ ಬಹುಕಾಲ ಇದ್ದಲ್ಲದೆ ಈ ವಿದ್ಯೆ ಬಾರದೆಂಬುದನ್ನು ಒಪ್ಪುತ್ತೇನೆ. ಕಣ್ಣು ಮುಚ್ಚಿ ಬರುತ್ತಿರುವವಳು ಆರೋ ನಾಲ್ಕೋ ಎಂದು ಅಳೆಯಬಲ್ಲಳೆಂಬುದನ್ನು ಒಪ್ಪಲಾರೆ.

2018-20ರ ಅವಧಿಯಲ್ಲಿ ಲಕ್ಷ ಜೀವಂತ ಜನನಗಳಿಗೆ ಕರ್ನಾಟಕದ ತಾಯಂದಿರ ಮರಣ ಪ್ರಮಾಣ 69. ದೇಶದ ಸರಾಸರಿ 97ಕ್ಕಿಂತ ಕಡಿಮೆ, ಕೇರಳದ 19ಕ್ಕಿಂತ ಬಹಳ ಹೆಚ್ಚು. ಅಂಥ ಪ್ರತಿ ಸಾವಿಗೂ ಪರಾಮರ್ಶೆ ನಡೆಯಬೇಕೆಂದು ನಿಯಮ. ಮನೆಯಲ್ಲಿ ತಡವಾಯಿತೋ, ದಾರಿಯಲ್ಲೋ, ಆಸ್ಪತ್ರೆಯ ಒಳಗೋ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದಾಗ, ಆ ರಾತ್ರಿಯ ಪಿಜಿ ಬರೆದ ಕೇಸ್ ಶೀಟೇ ಮುಖ್ಯ ಸಾಕ್ಷಿ. ವ್ಯಾಸಂಗದ ನಡುವೆ ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ ಈಗಿನ ಕಟ್ಟಳೆಯ ಪ್ರಯೋಜನ ನನಗೆ ತೋರುವುದು ಇಲ್ಲಿಯೇ. ದೊಡ್ಡಾಸ್ಪತ್ರೆಯಲ್ಲಿ ಕುಳಿತು, ಔಷಧದ ಹೆಸರಿದ್ದು ಹೊತ್ತಿಲ್ಲದ ರೆಫರಲ್ ಚೀಟಿಗಳನ್ನು ಶಪಿಸುತ್ತಿದ್ದವಳು ಈಗ ತಾನೇ ಅಂಥ ಚೀಟಿ ಬರೆಯುತ್ತಾಳೆ. ಹೊರಗೆ ಆಂಬ್ಯುಲೆನ್ಸಿನ ಎಂಜಿನು ಓಡುತ್ತಿರುವಾಗಲೂ ಮೆಗ್ನೀಸಿಯಂ ಎಷ್ಟು ಗ್ರಾಂ, ಎಷ್ಟು ಗಂಟೆಗೆ ಕೊಟ್ಟದ್ದೆಂದು ಮೊದಲನೆಯ ಸಾಲಿನಲ್ಲಿಯೇ ಕಾಣಿಸುತ್ತಾಳೆ.