‘ಲಕ್ಷ್ಮೀ’ಗೆ ಎಷ್ಟು ಮನೆ ಬೇಕು?

ಹಾಜರಿ ಪುಸ್ತಕದಲ್ಲಿ ‘ಲಕ್ಷ್ಮೀ’ ಎಂದು ಬರೆಯುವ ಶಿಕ್ಷಕಿಗೆ ಅದು ಎರಡಕ್ಷರದ ಹೆಸರು. ‘ಲ’ ಒಂದು, ‘ಕ್ಷ್ಮೀ’ ಇನ್ನೊಂದು. ಕಾಗುಣಿತವನ್ನೂ ಒತ್ತಕ್ಷರವನ್ನೂ ಕಲಿತ ಯಾವ ಮಗುವೂ ಬೆರಳು ಮಡಚಿ ಇಷ್ಟನ್ನೇ ಎಣಿಸುತ್ತದೆ. ಇದೇ ಹೆಸರನ್ನು ಗಣಕದ ಟರ್ಮಿನಲ್ ಪರದೆಗೆ ಒಪ್ಪಿಸಿದರೆ ಒಂದು ತಂತ್ರಾಂಶ ಅದಕ್ಕೆ ಐದು ಮನೆ ಬೇಕೆನ್ನುತ್ತದೆ, ಇನ್ನೊಂದು ನಾಲ್ಕು ಸಾಕೆನ್ನುತ್ತದೆ. ಆ ಒಂದು ಮನೆಯ ವ್ಯಾಜ್ಯದಲ್ಲಿ ಪರದೆಯ ಮೇಲಿನ ಪಟ್ಟಿ ಸೊಟ್ಟಗಾಗುತ್ತದೆ, ಕೆಲವೊಮ್ಮೆ ಹೆಸರೇ ತುಂಡಾಗುತ್ತದೆ. ಲೆಕ್ಕ ತಪ್ಪುವುದೆಲ್ಲಿ ಎಂಬುದನ್ನು ಅರಿಯಲು ಈ ಪರದೆಯ ರಚನೆಯನ್ನು ಮೊದಲು ನೋಡಬೇಕು.

ಮನೆಗಳ ಪರದೆ

ಚಿತ್ರಗಳಿಲ್ಲದ, ಅಕ್ಷರಗಳಿಂದಲೇ ತುಂಬಿದ ಪರದೆಗೆ ಟರ್ಮಿನಲ್ ಎಂದು ಹೆಸರು. ರೈಲ್ವೆ ಮುಂಗಡ ಟಿಕೆಟ್ ಕೌಂಟರುಗಳಲ್ಲಿಯೂ ಬ್ಯಾಂಕುಗಳಲ್ಲಿಯೂ ಇಂತಹ ಪರದೆಗಳನ್ನು ಹಿರಿಯರು ಕಂಡಿದ್ದಾರೆ. ದೂರದ ಸರ್ವರುಗಳನ್ನು ನೋಡಿಕೊಳ್ಳುವ ತಂತ್ರಜ್ಞರು ಇಂದಿಗೂ ನಿತ್ಯ ಇದನ್ನೇ ಬಳಸುತ್ತಾರೆ. ಗಣಿತದ ಚೌಕಗೆರೆಯ ನೋಟುಪುಸ್ತಕದಂತೆ ಈ ಪರದೆ ಸಮನಾದ ಮನೆಗಳಾಗಿ ಹಂಚಿಹೋಗಿದೆ. ಒಂದು ಮನೆಗೆ ಒಂದು ಅಕ್ಷರ. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1978ರಲ್ಲಿ ಹೊರತಂದ ವಿಟಿ100 ಟರ್ಮಿನಲ್‌ನಲ್ಲಿ ಸಾಲಿಗೆ 80 ಮನೆ, ಒಟ್ಟು 24 ಸಾಲು, ಅಂದರೆ 1,920 ಮನೆಗಳಿದ್ದವು. ಆ 80 ಎಂಬ ಸಂಖ್ಯೆಯಾದರೂ ಐಬಿಎಂ ಕಂಪನಿ 1928ರಲ್ಲಿ ತಂದ 80 ಕಂಬಗಳ ರಂಧ್ರಪತ್ರವನ್ನು ನೆನಪಿಸುವಂಥದು.

ಈ ಎಲ್ಲ ವ್ಯವಸ್ಥೆಯೂ ಇಂಗ್ಲಿಷ್ ಬೆರಳಚ್ಚು ಯಂತ್ರದ ಅಳತೆಯಲ್ಲಿ ಹುಟ್ಟಿದ್ದು. ಅಲ್ಲಿ ಅಕ್ಷರಗಳು ಒಂದರ ಪಕ್ಕದಲ್ಲಿ ಒಂದು ನಿಲ್ಲುತ್ತವೆ. ಒಂದರ ಕೆಳಗೆ ಒಂದು ಒತ್ತಾಗಿ ಇಳಿಯುವ ಪದ್ಧತಿ ಅವುಗಳಿಗಿಲ್ಲ.

ಪೆಟ್ಟಿಗೆ ಮೂಡುವ ಬಗೆ

ಪರದೆಯ ಮೇಲಿನ ಗುಂಡಿ, ಪಟ್ಟಿ, ಕೋಷ್ಟಕ, ಬರೆಯುವ ಚೌಕ ಮೊದಲಾದ ಪ್ರತಿಯೊಂದು ಭಾಗಕ್ಕೂ ವಿಜೆಟ್ ಎನ್ನುತ್ತಾರೆ. ಅವುಗಳನ್ನು ಬಿಡಿಸಿಕೊಡುವ ಸಿದ್ಧ ತಂತ್ರಾಂಶಗಳಿಗೆ ಲೈಬ್ರರಿ ಎಂದು ಹೆಸರು. ಇವುಗಳ ಪೈಕಿ ಹಳೆಯದಾದ ‘ಕರ್ಸಸ್’ ಅನ್ನು ಸುಮಾರು 1980ರ ವೇಳೆಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಕೆನ್ ಆರ್ನಾಲ್ಡ್ ರಚಿಸಿದರು. ಇಂದು ರಸ್ಟ್ ಭಾಷೆಯಲ್ಲಿ ‘ರಾಟಾಟುಯಿ’, ಪೈಥಾನ್ ಭಾಷೆಯಲ್ಲಿ ‘ಟೆಕ್ಸ್ಚುಯಲ್’ ಎಂಬ ಲೈಬ್ರರಿಗಳು ಬಳಕೆಯಲ್ಲಿವೆ.

ಕೆಲಸದ ಕ್ರಮ ಸರಳವಾದುದು. ಮೊದಲು ಪ್ರತಿ ವಿಜೆಟ್‌ಗೂ ಪರದೆಯ ಮೇಲೆ ಒಂದು ಆಯತವನ್ನು ಗೊತ್ತುಮಾಡಲಾಗುತ್ತದೆ. ವಿಜೆಟ್ ತನ್ನ ಗೆರೆಗಳನ್ನೂ ಅಕ್ಷರಗಳನ್ನೂ ನೇರವಾಗಿ ಪರದೆಯ ಮೇಲೆ ಬರೆಯುವುದಿಲ್ಲ. ಗಣಕದ ನೆನಪಿನಲ್ಲಿರುವ ಪರದೆಯ ಪ್ರತಿಯೊಂದರ ಮೇಲೆ ಬರೆಯುತ್ತದೆ. ಈ ಮನೆಯಲ್ಲಿ ಈ ಅಕ್ಷರ, ಈ ಬಣ್ಣ, ಈ ಹಿನ್ನೆಲೆ ಎಂಬುದು ಅಲ್ಲಿ ದಾಖಲಾಗುತ್ತದೆ. ಬಳಿಕ ಲೈಬ್ರರಿಯು ಈ ಹೊಸ ಪ್ರತಿಯನ್ನು ಹಿಂದಿನ ಪ್ರತಿಯೊಡನೆ ಮನೆ ಮನೆಗೂ ಹೋಲಿಸಿ, ಬದಲಾದ ಮನೆಗಳನ್ನಷ್ಟೇ ಟರ್ಮಿನಲ್‌ಗೆ ಕಳುಹಿಸುತ್ತದೆ.

ಈ ಮಿತವ್ಯಯಕ್ಕೆ ಕಾರಣವಿತ್ತು. ಸೆಕೆಂಡಿಗೆ ಸುಮಾರು 30 ಅಕ್ಷರಗಳನ್ನಷ್ಟೇ ಸಾಗಿಸುತ್ತಿದ್ದ ಅಂದಿನ ದೂರವಾಣಿ ತಂತಿಯಲ್ಲಿ 1,920 ಮನೆಗಳನ್ನೂ ಹೊಸದಾಗಿ ತುಂಬಲು 64 ಸೆಕೆಂಡು ಬೇಕಾಗುತ್ತಿತ್ತು. ಬದಲಾದ ಹತ್ತು ಮನೆಗಳನ್ನಷ್ಟೇ ತಿದ್ದಿದರೆ ಕೆಲಸ ಕ್ಷಣದಲ್ಲಿ ಮುಗಿಯುತ್ತಿತ್ತು. ತಂತಿಗಳ ವೇಗ ಬೆಳೆದರೂ ಈ ವಿಧಾನ ಉಳಿದುಬಂದಿದೆ.

ಆದರೆ ಇಡೀ ವಿಧಾನ ನಿಂತಿರುವುದು ಒಂದು ನಂಬಿಕೆಯ ಮೇಲೆ: ಯಾವ ಅಕ್ಷರಕ್ಕೆ ಎಷ್ಟು ಮನೆ ಎಂಬುದರಲ್ಲಿ ಬರೆಯುವ ಲೈಬ್ರರಿಗೂ ತೋರಿಸುವ ಟರ್ಮಿನಲ್‌ಗೂ ಒಮ್ಮತವಿರಬೇಕು.

ಒಮ್ಮತ ಮುರಿಯುವ ಜಾಗ

ಕನ್ನಡದಲ್ಲಿ ಈ ಒಮ್ಮತ ಮುರಿಯುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ‘ಲಕ್ಷ್ಮೀ’ ಎಂಬುದು ಲ, ಕ, ಹಲಂತ ಚಿಹ್ನೆ, ಷ, ಮತ್ತೊಂದು ಹಲಂತ ಚಿಹ್ನೆ, ಮ, ಈಕಾರದ ಚಿಹ್ನೆ ಎಂಬ ಏಳು ಸಂಕೇತಗಳ ಸಾಲು. ಹಲಂತಕ್ಕೆ ಪ್ರತ್ಯೇಕ ಮನೆ ಬೇಡವೆಂಬುದರಲ್ಲಿ ತಕರಾರಿಲ್ಲ. ನಾಲ್ಕು ವ್ಯಂಜನಗಳಿಗೆ ನಾಲ್ಕು ಮನೆ. ಉಳಿದದ್ದು ಈಕಾರ. ಗುಡಿಸು ಅಕ್ಷರದ ತಲೆಯ ಮೇಲೆ ಕೂರುತ್ತದೆ, ಅದಕ್ಕೆ ಸೊನ್ನೆ ಮನೆ. ಗುಡಿಸಿನ ದೀರ್ಘವಾದರೋ ಬಲಕ್ಕೆ ಚಾಚಿಕೊಳ್ಳುತ್ತದೆ. ಬಹುಕಾಲ ಬಳಕೆಯಲ್ಲಿರುವ ಲೆಕ್ಕವೊಂದು ಆ ದೀರ್ಘಕ್ಕೆ ಒಂದು ಮನೆ ಕೊಡುತ್ತದೆ. ಬೇರೆ ಲೆಕ್ಕಗಳು ಕೊಡುವುದಿಲ್ಲ. ಹೀಗೆ ಐದು ಮತ್ತು ನಾಲ್ಕು.

ಲೈಬ್ರರಿ ಐದೆಂದು ಎಣಿಸಿ, ಟರ್ಮಿನಲ್ ನಾಲ್ಕರಲ್ಲೇ ಬರೆದು ಮುಗಿಸಿದರೆ ಆ ಸಾಲಿನಲ್ಲಿ ಮುಂದಿನದೆಲ್ಲವೂ ಒಂದು ಮನೆ ಹಿಂದಕ್ಕೆ ಜರುಗುತ್ತದೆ; ಪೆಟ್ಟಿಗೆಯ ಬಲಗೆರೆ ಆ ಸಾಲಿನಲ್ಲಿ ಮಾತ್ರ ಒಳಕ್ಕೆ ಸರಿಯುತ್ತದೆ. ಮಿನುಗುವ ಸೂಚಕ ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ. ಒತ್ತುಗಳನ್ನು ಕೂಡಿಸಲು ಬಾರದ ಟರ್ಮಿನಲ್‌ಗಳಲ್ಲಿ ಹೆಸರು ಬಿಡಿಬಿಡಿ ತುಂಡುಗಳಾಗಿ ಕಾಣುತ್ತದೆ.

ಪಟ್ಟಿಯಲ್ಲಿಲ್ಲದ ಹೆಸರು

ಅಗಲಕ್ಕಿಂತ ದೊಡ್ಡ ಪ್ರಶ್ನೆ, ಅಕ್ಷರವೆಂದರೆ ಯಾವುದು ಎಂಬುದು. ಎಲ್ಲಿ ತುಂಡರಿಸಬಹುದು, ಎಲ್ಲಿ ಕೂಡದು ಎಂಬುದನ್ನು ಯೂನಿಕೋಡ್‌ನ 29ನೆಯ ಪ್ರಮಾಣಕ ಅನುಬಂಧವು ನಿಗದಿಪಡಿಸುತ್ತದೆ. 2023ರ ಸೆಪ್ಟೆಂಬರಿನಲ್ಲಿ ಪ್ರಕಟವಾದ 15.1ನೆಯ ಆವೃತ್ತಿಯು ಒತ್ತಕ್ಷರವನ್ನು ನಡುವೆ ಒಡೆಯಬಾರದೆಂಬ ಹೊಸ ನಿಯಮವನ್ನು ಸೇರಿಸಿತು. ಆ ನಿಯಮ ಆರು ಲಿಪಿಗಳಿಗೆ ಅನ್ವಯವಾಯಿತು: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ.

ಫಲವಾಗಿ, ಆ ನಿಯಮದ ಪ್ರಕಾರ ತೆಲುಗಿನಲ್ಲೋ ಮಲಯಾಳದಲ್ಲೋ ಬರೆದ ಲಕ್ಷ್ಮಿಯ ಹೆಸರು ಎರಡು ಘಟಕ, ಮಗು ಎಣಿಸಿದಷ್ಟೇ. ಕನ್ನಡದ ‘ಲಕ್ಷ್ಮೀ’ ನಾಲ್ಕು ಘಟಕ: ಲ, ಕ್, ಷ್, ಮೀ. ಮೂರು ಮನೆಗಳ ಜಾಗವಷ್ಟೇ ಉಳಿದಿರುವ ಕೋಷ್ಟಕದಲ್ಲಿ ಈ ಹೆಸರನ್ನು ‘ಲಕ್ಷ್’ ಎಂದು ಕತ್ತರಿಸಿದರೂ ತಂತ್ರಾಂಶವು ನಿಯಮದ ದೃಷ್ಟಿಯಿಂದ ನಿರ್ದೋಷಿ. ನೆರೆಯ ಎರಡು ಲಿಪಿಗಳಿಗೆ ದೊರೆತ ರಕ್ಷಣೆ ಕನ್ನಡಕ್ಕೆ ದೊರೆಯದಿರುವುದರ ಅರ್ಥವನ್ನು ಆದೋನಿಯ, ಕಾಸರಗೋಡಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಟ್ಟಿಯೊಂದರಲ್ಲಿ ಹೆಸರು ಬಿಟ್ಟುಹೋದರೆ ಏನಾಗುತ್ತದೆಂಬುದು ಗಡಿನಾಡಿಗೆ ಅನುಭವದಿಂದ ತಿಳಿದ ವಿಷಯ.

ಟರ್ಮಿನಲ್ ಬಳಸುವವರು ಕೆಲವರೇ ಅಲ್ಲವೇ ಎಂದು ಕೇಳಬಹುದು. ಆದರೆ ಈ ಅನುಬಂಧ ಟರ್ಮಿನಲ್‌ಗೆ ಸೀಮಿತವಾದುದಲ್ಲ. ಸೂಚಕವನ್ನು ಒಂದು ಹೆಜ್ಜೆ ಸರಿಸುವುದು, ಅಕ್ಷರಗಳನ್ನು ಎಣಿಸುವುದು, ಉದ್ದದ ಹೆಸರನ್ನು ಮೊಟಕುಗೊಳಿಸುವುದು ಮುಂತಾದ ಕೆಲಸಗಳಿಗೆ ಅನೇಕ ತಂತ್ರಾಂಶಗಳು ಇದನ್ನೇ ಆಧಾರವಾಗಿ ಹಿಡಿಯುತ್ತವೆ. ಟರ್ಮಿನಲ್‌ನಲ್ಲಿ ಗೆರೆ ಸೊಟ್ಟಗಾಗುವುದರಿಂದ ದೋಷ ಬೇಗ ಕಣ್ಣಿಗೆ ಬೀಳುತ್ತದೆ, ಅಷ್ಟೇ.

ಅಸಾಧ್ಯವೇನಲ್ಲ

ನಮ್ಮ ಲಿಪಿಗಳು ಅಕ್ಷರ ಪರದೆಗೆ ಒಗ್ಗುವುದಿಲ್ಲವೆಂಬ ಮಾತನ್ನು ಇತಿಹಾಸ ಒಪ್ಪುವುದಿಲ್ಲ. ಕಾನ್ಪುರದ ಐಐಟಿಯಲ್ಲಿ ಆರಂಭವಾದ ಕೆಲಸವನ್ನು ಪುಣೆಯ ಸಿ-ಡ್ಯಾಕ್ ಮುಂದುವರಿಸಿ ‘ಜಿಸ್ಟ್’ ಎಂಬ ಕಾರ್ಡನ್ನು ರೂಪಿಸಿತು. ಅದನ್ನು ಜೋಡಿಸಿದ ಗಣಕಗಳಲ್ಲಿ ಡಾಸ್‌ನ ಅಕ್ಷರ ಪರದೆಯ ಮೇಲೆಯೇ ಭಾರತೀಯ ಲಿಪಿಗಳು ಮೂಡುತ್ತಿದ್ದವು. ನಮ್ಮ ಲಿಪಿಗಳಿಗೆ ಸಾಮಾನ್ಯವಾದ ಇಸ್ಕಿ ಸಂಕೇತಪದ್ಧತಿಯನ್ನು ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಅಂಗೀಕರಿಸಿತು. ಅಕ್ಷರದ ಸ್ವರೂಪ ಬಲ್ಲವರು ಕೆಲಸಕ್ಕೆ ಕುಳಿತಾಗ ದಾರಿ ಸಿಕ್ಕಿತು.

ಕೊರತೆಯಿರುವುದು ಈಗಲೂ ಆ ಬಲ್ಲವರದೇ. ಕರ್ಸಸ್‌ನ ಇಂದಿನ ರೂಪವಾದ ಎನ್‌ಕರ್ಸಸ್, ರಾಟಾಟುಯಿ, ಟೆಕ್ಸ್ಚುಯಲ್ ಇವೆಲ್ಲ ಮುಕ್ತ ತಂತ್ರಾಂಶಗಳು. ಯಾರೂ ಮೂಲವನ್ನು ಓದಬಹುದು, ದೋಷವನ್ನು ತೋರಿಸಿಕೊಡಬಹುದು. ಯೂನಿಕೋಡ್ ಸಂಸ್ಥೆಯೂ ಸಾರ್ವಜನಿಕರ ಅಭಿಪ್ರಾಯ ಮತ್ತು ಪ್ರಸ್ತಾವಗಳನ್ನು ಸ್ವೀಕರಿಸುತ್ತದೆ. ಅಲ್ಲಿಗೆ ಬೇಕಾದದ್ದು ಆಕ್ರೋಶದ ಮನವಿಯಲ್ಲ, ಖಚಿತವಾದ ಸಾಕ್ಷ್ಯ: ಯಾವ ಪದ, ಎಲ್ಲಿ ಒಡೆಯಿತು, ಓದುಗನ ಎಣಿಕೆಯಲ್ಲಿ ಎಷ್ಟು ಅಕ್ಷರ.

ಪ್ರೌಢಶಾಲೆಯ ಗಣಕ ಕೊಠಡಿಯಲ್ಲಿ ಒಂದು ತಾಸು ಸಾಕು. ತರಗತಿಯ ಮಕ್ಕಳ ಹೆಸರುಗಳನ್ನು ಟರ್ಮಿನಲ್‌ನಲ್ಲಿ ಬರೆದು, ಮಕ್ಕಳ ಎಣಿಕೆಯನ್ನೂ ಯಂತ್ರದ ಎಣಿಕೆಯನ್ನೂ ಎದುರುಬದುರು ಕಂಬಗಳಲ್ಲಿ ಗುರುತಿಸಿದರೆ ಸಾಕ್ಷ್ಯದ ಮೊದಲ ಹಾಳೆ ಸಿದ್ಧ. ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಗಣಕದ ಲೋಕದಲ್ಲಿ ಹಿಂದುಳಿದೀತೆಂಬ ಅಳುಕು ಅನೇಕ ಮನೆಗಳಲ್ಲಿದೆ. ‘ಕ್ಷ್ಮೀ’ ಒಂದೇ ಅಕ್ಷರವೆಂಬುದು ಆ ಮಗುವಿಗೆ ಗೊತ್ತು. ಗಣಕದ ನಿಯಮಕ್ಕೆ ಅದನ್ನು ಇನ್ನೊಬ್ಬರು ಕಲಿಸಬೇಕಾಗಿದೆ.